ಏರುದಾರಿಯಲ್ಲಿ ಅರ್ಧಶಕ್ತಿ

ಬಯಲುಸೀಮೆಯವರು ಮುಪ್ಪನ್ನು ವರ್ಷಗಳಿಂದ ಎಣಿಸುವರು. ಮಲೆನಾಡಿಗರಾದ ನಾವು ಏರುಗಳಿಂದ ಎಣಿಸುವೆವು. ಮೈಸೂರಿನಲ್ಲಿಯೋ ದಾವಣಗೆರೆಯಲ್ಲಿಯೋ ಇರುವ ಅರವತ್ತೈದರ ಗೃಹಸ್ಥನು ಬೆಳಗ್ಗೆ ಎದ್ದು ಸಮನಾದ ಹಾದಿಯಲ್ಲಿ ಎರಡು ಮೈಲಿ ನಡೆದು ಬಂದನಾದರೆ, ತನ್ನ ದೇಹವು ಇನ್ನೂ ತನ್ನ ಮಾತನ್ನು ಕೇಳುತ್ತಿರುವುದೆಂದು ಸಮಾಧಾನಪಡುವನು. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಮಾರ್ಗದಲ್ಲಿರುವ ನಮ್ಮ ಬಾಳೂರಿನಲ್ಲಿ ಅಂತಹ ಸಮನಾದ ಹಾದಿಯೆಲ್ಲಿ ಬಂತು? ಅಂಗಳವನ್ನು ದಾಟಿದರೆ ಒಂದು ಕಡೆ ಏರು, ಮತ್ತೊಂದು ಕಡೆ ಇಳಿಜಾರು. ಇಲ್ಲಿ ವಯಸ್ಸಾಗುವ ಕ್ರಮವೇ ಬೇರೆ. ಮೊದಲು ಗುಡ್ಡದ ನೆತ್ತಿಯ ದೇವರ ಬನವು ದೂರವಾಗುವುದು. ಅನಂತರ ಮೇಲಣ ತೋಟವು ದೂರವಾಗುವುದು. ಆಮೇಲೆ ಬಸ್ಸು ನಿಲ್ಲುವ ತಾಣವೂ ದೂರವಾಗುವುದು. ಕಡೆಗೆ ಜಗಲಿಯೇ ಲೋಕವಾಗುವುದು. ದಾರಿಯು ಬೆಳೆದುದಿಲ್ಲ; ಉಸಿರು ಕುಗ್ಗಿತು, ಅಷ್ಟೆ.

ಇಂತಹ ಸೀಮೆಯಲ್ಲಿರುವ ಹಿರಿಯರಿಗೆ, ವಿದ್ಯುತ್ತಿನ ನೆರವಿನಿಂದ ಗುಡ್ಡವನ್ನೇರುವ ಬೈಸಿಕಲ್ಲು ಎಷ್ಟರಮಟ್ಟಿಗೆ ಹಿತಕರವಾದೀತೆಂಬ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುವೆನು. ಶಾಲೆಯಲ್ಲಿ ಶಬ್ದರೂಪಗಳನ್ನು ಹೇಳಿಕೊಡುತ್ತಿದ್ದ ಮೇಷ್ಟರಿಗೆ ಯಂತ್ರದ ಮಾತೇಕೆಂದು ನಗುವವರುಂಟು. ಅವರು ಕಡೆಯತನಕ ಓದಿ ಆಮೇಲೆ ನಗಲಿ ಎಂದಷ್ಟೆ ನನ್ನ ಪ್ರಾರ್ಥನೆ.

ನಮ್ಮ ಹಿಂದಿನವರಿಗೆ ವ್ಯಾಯಾಮವೆಂಬ ಹೆಸರೇ ಬೇಕಾಗಿರಲಿಲ್ಲ. ನೀರಿಗೆ ಇಳಿಯಬೇಕು, ಸೌದೆಗೆ ಏರಬೇಕು. ಗದ್ದೆಯು ಕೆಳಗೆ, ತೋಟವು ಮೇಲೆ. ಸಂತೆಗೆ ಹೋಗಿ ಬರುವುದೆಂದರೆ ಎರಡು ಗುಡ್ಡಗಳನ್ನು ಹತ್ತಿಳಿಯುವುದೆಂದೇ ಅರ್ಥ. ಜೀವನವೇ ಮೈಗೆ ದುಡಿತವನ್ನು ಕೊಡುತ್ತಿತ್ತು. ಈಗ ಮನೆಯ ಬಾಗಿಲಿಗೆ ಕಾಂಕ್ರೀಟು ದಾರಿಯಾಗಿದೆ. ಅಂಗಳದಲ್ಲಿ ಜೀಪು ನಿಂತಿದೆ. ಮೋಟಾರು ಬೈಕು ಇಲ್ಲದ ಮನೆ ಅಪರೂಪ. ಇವು ಕೆಟ್ಟುವೆಂದು ನಾನು ಹೇಳುವುದಿಲ್ಲ. ಮಳೆಗಾಲದ ರಾತ್ರಿ ರೋಗಿಯನ್ನು ಮೂಡಿಗೆರೆಗೆ ಕೊಂಡೊಯ್ಯಬೇಕಾದಾಗ ಜೀಪಿನ ಬೆಲೆ ಏನೆಂಬುದು ನಮಗೆಲ್ಲ ಗೊತ್ತು. ಆದರೆ ಇವುಗಳಿಂದ ದೇಹದ ದುಡಿತವು ಒಮ್ಮೆಗೇ ನಿಂತುಹೋಯಿತೆಂಬುದೂ ನಿಜ. ವಯಸ್ಸಾದವರಿಗೆ ಉಳಿದಿರುವ ದಾರಿಗಳು ಎರಡೇ: ಒಂದೋ ಕಡಿದಾದ ಏರನ್ನು ನಡೆದು ಹತ್ತಿ ಏದುಸಿರು ಬಿಡುತ್ತ, ಇಳಿಯುವಾಗ ಮಂಡಿಯ ನೋವನ್ನು ಸಹಿಸುವುದು, ಇಲ್ಲವೇ ಜೀಪಿನಲ್ಲಿ ಕುಳಿತು ಯಾವ ಶ್ರಮವೂ ಇಲ್ಲದೆ ಹೋಗಿಬರುವುದು. ಅತಿ ಶ್ರಮಕ್ಕೂ ನಿಶ್ಶ್ರಮಕ್ಕೂ ನಡುವೆ ಮೂರನೆಯ ದಾರಿಯೊಂದು ಬೇಕಾಗಿದೆ.

ಈ ನಡುದಾರಿಯ ಮಾತು ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ದಿನಚರ್ಯೆಯನ್ನು ಹೇಳುವಾಗ, ಬಲಶಾಲಿಯಾದವನೂ ಕೂಡ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ಬಳಸತಕ್ಕದ್ದೆಂದೂ, ಅದೂ ಶೀತಕಾಲದಲ್ಲಿಯೂ ವಸಂತದಲ್ಲಿಯೂ ಮಾತ್ರವೆಂದೂ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಮಾಡತಕ್ಕದ್ದೆಂದೂ ವಿಧಿಸಿರುವನು. ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಅದಕ್ಕೆ ಸುಶ್ರುತಸಂಹಿತೆಯಲ್ಲಿ ಒಂದು ಲಕ್ಷಣವಿದೆ. ಎದೆಯಲ್ಲಿರುವ ವಾಯುವು ಬಾಯಿಗೆ ಬರತೊಡಗಿದರೆ, ಎಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಗಿ ಬಂದರೆ, ಅರ್ಧಬಲವು ವೆಚ್ಚವಾಯಿತೆಂದು ತಿಳಿಯತಕ್ಕದ್ದು. ಗಡಿಯಾರವೂ ಬೇಡ, ಯಂತ್ರವೂ ಬೇಡ. ತನ್ನ ಉಸಿರೇ ತನಗೆ ಅಳತೆಗೋಲು.

ಆದರೆ ಇಲ್ಲಿ ಒಂದು ತೊಡಕುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ವಾಗ್ಭಟನು ಬಾಲಕರೂ ವೃದ್ಧರೂ ಅಜೀರ್ಣವುಳ್ಳವರೂ ವ್ಯಾಯಾಮವನ್ನು ಬಿಡತಕ್ಕದ್ದೆಂದಿರುವನು. ಇಂದಿನ ವೈದ್ಯರು ಈ ಮಾತನ್ನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಅರವತ್ತೈದು ದಾಟಿದವರೂ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಕಾಲ ಮಧ್ಯಮ ತರದ ಶ್ರಮವನ್ನು ಮಾಡಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸವಿರಬೇಕು. ಬೀಳದಂತೆ ಸಮತೋಲವನ್ನು ಕಾಯುವ ಅಭ್ಯಾಸವು ಮೂರು ದಿನವಾದರೂ ಇರಬೇಕು. ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುವುದಾದರೆ, ಪ್ರಾಚೀನರ ಕಾಲದ ವೃದ್ಧನಿಗೆ ದಿನದ ಬಾಳೇ ಬೇಕಾದಷ್ಟು ನಡೆದಾಟವನ್ನು ಒದಗಿಸುತ್ತಿತ್ತು. ಅದರ ಮೇಲೆ ಮತ್ತೊಂದು ವ್ಯಾಯಾಮವು ಅವನಿಗೆ ಭಾರವಾಗುತ್ತಿತ್ತು. ಕುರ್ಚಿಯಿಂದ ಜೀಪಿಗೆ, ಜೀಪಿನಿಂದ ಕುರ್ಚಿಗೆ ಸಾಗುವ ಈಗಿನ ವೃದ್ಧನನ್ನು ವಾಗ್ಭಟನು ಕಂಡಿರಲಿಲ್ಲ. ಅದೇನೇ ಇರಲಿ, ಮಧ್ಯಮ ಶ್ರಮವೆಂದರೇನೆಂದು ಇಂದಿನ ವೈದ್ಯರನ್ನು ಕೇಳಿದರೆ, ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಶ್ರಮವೆನ್ನುವರು. ಇದಕ್ಕೂ ಸುಶ್ರುತದ ಅರ್ಧಬಲಕ್ಕೂ ಇರುವ ಸಾಮ್ಯವನ್ನು ವಾಚಕರೇ ನೋಡಿಕೊಳ್ಳಲಿ.

ಹಾಗಾದರೆ ಸಾಮಾನ್ಯವಾದ ಬೈಸಿಕಲ್ಲೇ ಸಾಲದೆ? ಬಯಲಿನಲ್ಲಿ ಧಾರಾಳವಾಗಿ ಸಾಕು. ವಿಜಯಪುರ, ಬಾಗಲಕೋಟೆಯ ಕಡೆಯ ಸೈಕಲ್ ಸವಾರರ ಕೀರ್ತಿಯನ್ನು ಕೇಳದವರಾರು? ಮೈಸೂರು ನಗರದಲ್ಲಿ ೨೦೧೭ರಲ್ಲಿ ಬಾಡಿಗೆಯ ಸೈಕಲ್ಲುಗಳ ‘ಟ್ರಿಣ್ ಟ್ರಿಣ್’ ಏರ್ಪಾಡು ಆರಂಭವಾಯಿತು. ನಮ್ಮ ಗುಡ್ಡಗಳ ಮಾತು ಬೇರೆ. ೨೦೦೬–೦೭ರಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡತೊಡಗಿದಾಗ, ನಮ್ಮ ಮಕ್ಕಳು ಬೆಳಗ್ಗೆ ಇಳಿಜಾರಿನಲ್ಲಿ ಗಾಳಿಯಂತೆ ಬಂದು, ಸಂಜೆ ಅದನ್ನೇ ತಳ್ಳಿಕೊಂಡು ಗುಡ್ಡ ಹತ್ತುತ್ತಿದ್ದುದನ್ನು ನಾನು ಶಾಲೆಯ ಬಾಗಿಲಿನಲ್ಲಿ ನಿಂತು ನೋಡಿದ್ದೇನೆ. ಹದಿಮೂರರ ಕಾಲುಗಳಿಗೇ ಈ ಪಾಡಾದರೆ ಅರವತ್ತಮೂರರ ಕಾಲುಗಳ ಗತಿಯೇನು?

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸವಾರನ ತೂಕ ೬೦ ಕಿಲೋ, ಸೈಕಲ್ಲಿನ ತೂಕ ೧೬ ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರು ಸಾಗುವುದರೊಳಗೆ ಎಂಟು ಮೀಟರು ಏರುವ ದಾರಿಯಲ್ಲಿ, ಗಂಟೆಗೆ ಆರು ಕಿಲೋಮೀಟರಿನ ನಿಧಾನಗತಿಯಲ್ಲಿ ಹೋದರೂ, ಅವನು ಸುಮಾರು ೧೨೦ ವ್ಯಾಟ್ ಶಕ್ತಿಯನ್ನು ಎಡೆಬಿಡದೆ ಕೊಡುತ್ತಿರಬೇಕು. ವ್ಯಾಟ್ ಎಂಬುದು ಮನೆಯ ವಿದ್ಯುದ್ದೀಪದ ಮೇಲೆ ಅಚ್ಚಾಗಿರುವ ಅಳತೆಯೇ. ಅಭ್ಯಾಸವಿಲ್ಲದ ಅರವತ್ತರ ಗೃಹಸ್ಥನು ಮಾತನಾಡುತ್ತ ಬಹುಹೊತ್ತು ಕೊಡಬಲ್ಲುದು ಸಾಧಾರಣವಾಗಿ ೫೦ರಿಂದ ೭೫ ವ್ಯಾಟ್. ಮಿಕ್ಕ ಅರ್ಧವನ್ನು ಎಲ್ಲಿಂದ ತರಬೇಕು? ನಡೆಯುವವನಾದರೆ ದಣಿವಾದಾಗ ಹೆಜ್ಜೆಯನ್ನು ನಿಧಾನಿಸಬಹುದು. ಸೈಕಲ್ಲಿನವನು ಇನ್ನೂ ನಿಧಾನಿಸಿದರೆ ತೂಗಾಡಿ ಬೀಳುವನು. ಆದುದರಿಂದ ಗುಡ್ಡದ ದಾರಿಯಲ್ಲಿ ಸೈಕಲ್ಲು ತುಳಿಯುವವನಿಗೆ ಪೂರ್ಣಶಕ್ತಿಯುಂಟು, ಶೂನ್ಯವುಂಟು. ಅರ್ಧಶಕ್ತಿಗೆ ಎಡೆಯೇ ಇಲ್ಲ. ವಿದ್ಯುತ್ ಸೈಕಲ್ಲು ಕೊಡುವುದು ಈ ಎಡೆಯನ್ನೇ.

ಯಂತ್ರದ ಸ್ವರೂಪವನ್ನು ಸ್ವಲ್ಪ ನೋಡೋಣ. ಸೈಕಲ್ಲಿಗೆ ವಿದ್ಯುತ್ ಮೋಟಾರನ್ನು ಜೋಡಿಸುವ ಯೋಚನೆಯು ಬಹಳ ಹಳೆಯದು. ೧೮೯೫ರಲ್ಲಿಯೇ ಅಮೆರಿಕದಲ್ಲಿ ಆಗ್ಡೆನ್ ಬೋಲ್ಟನ್ ಎಂಬಾತನು ಅದಕ್ಕೆ ಪೇಟೆಂಟು ಪಡೆದನು. ಆದರೆ ತುಳಿದರೆ ಮಾತ್ರ ನೆರವಾಗುವ, ತುಳಿತಕ್ಕೆ ತಕ್ಕಷ್ಟೇ ಬಲವನ್ನು ಕೂಡಿಸುವ ಸೈಕಲ್ಲನ್ನು ಮಾರುಕಟ್ಟೆಗೆ ತಂದವರು ಜಪಾನಿನ ಯಮಹಾ ಕಂಪೆನಿಯವರು, ೧೯೯೩ರಲ್ಲಿ. ಇನ್ನು ಗುಡ್ಡಗಾಡಿನ ಸೈಕಲ್ಲು ರೂಪುಗೊಂಡುದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತ್ಯದಲ್ಲಿ. ಅಲ್ಲಿಯ ಟಮಲ್‌ಪೈಸ್ ಬೆಟ್ಟದ ಸುತ್ತಿನ ತರುಣರು ೧೯೭೦ರ ದಶಕದಲ್ಲಿ ಹಳೆಯ ದಪ್ಪಚಕ್ರದ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತ ಆಡಿದ ಆಟವೇ ಅದರ ಮೂಲ. ಅಗಲವಾದ ಹಲ್ಲುಳ್ಳ ಟೈರು, ಕುಲುಕನ್ನು ನುಂಗುವ ಮುಂಗವೆ, ಸಣ್ಣ ಗೇರುಗಳು, ಬಲವಾದ ಬ್ರೇಕು ಇವು ಅದರ ಲಕ್ಷಣಗಳು. ಈ ಎರಡು ಸಂತತಿಗಳು ಕೂಡಿ ಹುಟ್ಟಿದ ಕೂಸೇ ನಮ್ಮ ಪ್ರಕೃತ ವಿಷಯ.

ಇದರಲ್ಲಿ ಮೋಟಾರಿನ ನೆರವು ಸಾಮಾನ್ಯವಾಗಿ ಮೂರು ನಾಲ್ಕು ಮೆಟ್ಟಿಲುಗಳಾಗಿ ಇರುವುದು. ಒಂದನೆಯದರಲ್ಲಿ ಸ್ವಲ್ಪ, ಕಡೆಯದರಲ್ಲಿ ಬಹಳ. ತುಳಿಯುವುದನ್ನು ನಿಲ್ಲಿಸಿದರೆ ಮೋಟಾರೂ ನಿಲ್ಲುವುದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೋಟಾರಿನ ಶಕ್ತಿಯು ಕಾಲು ಕಿಲೋವ್ಯಾಟಿಗಿಂತ ಕಡಿಮೆಯಾಗಿದ್ದು, ವೇಗವು ಗಂಟೆಗೆ ೨೫ ಕಿಲೋಮೀಟರಿಗೆ ಬಂದೊಡನೆ ನೆರವು ಕಡಿದುಹೋಗುವಂತಿದ್ದರೆ, ಅದು ಮೋಟಾರು ವಾಹನವೆನಿಸುವುದಿಲ್ಲ. ಲೈಸೆನ್ಸಾಗಲಿ ನೋಂದಣಿಯಾಗಲಿ ಬೇಕಿಲ್ಲ. ಕೊಳ್ಳುವವರು ಎರಡು ವಿಷಯಗಳನ್ನು ವಿಚಾರಿಸಲಿ. ಮೊದಲನೆಯದಾಗಿ, ಸವಾರನು ತುಳಿಯುತ್ತಿರುವನೇ ಇಲ್ಲವೇ ಎಂಬುದನ್ನಷ್ಟೆ ನೋಡುವ ಯಂತ್ರಕ್ಕಿಂತ, ಎಷ್ಟು ಬಲದಿಂದ ತುಳಿಯುತ್ತಿರುವನೆಂಬುದನ್ನು ಅಳೆಯುವ ಯಂತ್ರವು ಹಿರಿಯರಿಗೆ ಮೇಲು. ಅದು ಜಗ್ಗುವುದಿಲ್ಲ, ಜೊತೆಯಲ್ಲಿ ಬರುವುದು. ಎರಡನೆಯದಾಗಿ, ಹಿಂಚಕ್ರದ ನಡುವೆ ಮೋಟಾರಿರುವುದಕ್ಕಿಂತ ಪೆಡಲುಗಳ ನಡುವೆ ಇರುವುದು ಕಡಿದಾದ ಏರಿಗೆ ಒಳ್ಳೆಯದು. ಗೇರುಗಳ ಲಾಭವು ಮೋಟಾರಿಗೂ ದೊರೆಯುವುದು. ಆದರೆ ಇಂತಹವುಗಳ ಬೆಲೆಯು ಲಕ್ಷದ ಲೆಕ್ಕಕ್ಕೆ ಹೋಗುವುದು. ಸಾಧಾರಣವಾದ ವಿದ್ಯುತ್ ಸೈಕಲ್ಲುಗಳು ಮೂವತ್ತರಿಂದ ಐವತ್ತು ಸಾವಿರ ರೂಪಾಯಿಗಳಿಗೆ ದೊರೆಯುವುವು, ಸೌಮ್ಯವಾದ ಏರುಗಳಿಗೆ ಅವೂ ಆದಾವು. ವಿದ್ಯುತ್ತಿನ ಖರ್ಚು ಹೆಚ್ಚಲ್ಲ. ಸಣ್ಣ ಬ್ಯಾಟರಿಯೊಂದನ್ನು ಪೂರ್ತಿ ತುಂಬಿಸಲು ಅರ್ಧ ಯೂನಿಟ್ಟಿನೊಳಗೆ ಸಾಕು.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ಮೋಟಾರೇ ಎಳೆದೊಯ್ದ ಮೇಲೆ ಅದು ವ್ಯಾಯಾಮ ಹೇಗಾದೀತು? ಈ ಪ್ರಶ್ನೆಯನ್ನು ವಿದ್ವಾಂಸರು ಪರೀಕ್ಷೆಗೆ ಒಡ್ಡಿರುವರು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ೨೦೧೯ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಗುಡ್ಡದ ದಾರಿಯಲ್ಲಿ ನುರಿತ ೩೩ ಮಂದಿ ಸವಾರರನ್ನು ಒಂದೇ ದಾರಿಯಲ್ಲಿ ಒಮ್ಮೆ ಸಾಮಾನ್ಯ ಸೈಕಲ್ಲಿನಲ್ಲಿಯೂ ಒಮ್ಮೆ ವಿದ್ಯುತ್ ಸೈಕಲ್ಲಿನಲ್ಲಿಯೂ ಕಳುಹಿಸಿ ಎದೆಬಡಿತವನ್ನು ಅಳೆದರು. ವಿದ್ಯುತ್ ಸೈಕಲ್ಲಿನಲ್ಲಿ ಅದು ಸಾಮಾನ್ಯ ಸೈಕಲ್ಲಿನ ಎದೆಬಡಿತದ ಶೇಕಡಾ ೯೪ರಷ್ಟು ಇದ್ದಿತು; ಸವಾರರಿಗಾದರೋ ಶ್ರಮವು ಬಹಳ ಕಡಿಮೆಯೆಂದು ತೋರಿತು. ಅವರು ಅಭ್ಯಾಸವಿದ್ದವರು, ಎಲ್ಲರೂ ವೃದ್ಧರಲ್ಲ ಎಂಬುದನ್ನು ಮರೆಯಬಾರದು. ಅಭ್ಯಾಸವಿಲ್ಲದವರ ವಿಷಯದಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕುಳಿತೇ ಕೆಲಸ ಮಾಡುವ ೨೦ ಮಂದಿ ನಾಲ್ಕು ವಾರಗಳ ಕಾಲ, ವಾರಕ್ಕೆ ಮೂರು ದಿನವಾದರೂ, ದಿನಕ್ಕೆ ೪೦ ನಿಮಿಷ ಇಂತಹ ಸೈಕಲ್ಲನ್ನು ತುಳಿದರು. ಅಷ್ಟರಲ್ಲಿಯೇ ಅವರ ದೇಹವು ಪ್ರಾಣವಾಯುವನ್ನು ಬಳಸಿಕೊಳ್ಳುವ ಶಕ್ತಿಯು ಹೆಚ್ಚಿತು. ಸಕ್ಕರೆಯ ನೀರನ್ನು ಕುಡಿಸಿ ಎರಡು ಗಂಟೆಗಳ ಮೇಲೆ ರಕ್ತವನ್ನು ನೋಡಿದಾಗ ಸಕ್ಕರೆಯು ಮೊದಲಿಗಿಂತ ಕಡಿಮೆಯಾಗಿತ್ತು.

ಹಿರಿಯರ ಮನಸ್ಸಿನ ಮೇಲೆ ಇದರ ಪರಿಣಾಮವೇನೆಂಬುದನ್ನು ಇಂಗ್ಲೆಂಡಿನ ರೆಡಿಂಗ್ ಮತ್ತು ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯಗಳವರು ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟಿಸಿದರು. ೫೦ರಿಂದ ೮೩ರವರೆಗಿನ ವಯಸ್ಸಿನವರಲ್ಲಿ ಕೆಲವರು ಸಾಮಾನ್ಯ ಸೈಕಲ್ಲನ್ನೂ ಕೆಲವರು ವಿದ್ಯುತ್ ಸೈಕಲ್ಲನ್ನೂ ಎಂಟು ವಾರಗಳ ಕಾಲ, ವಾರಕ್ಕೆ ಮೂರು ಸಲ, ಅರ್ಧ ಗಂಟೆ ತುಳಿದರು. ಮತ್ತೆ ಕೆಲವರು ತುಳಿಯದೆ ಇದ್ದರು. ಸೈಕಲ್ಲು ತುಳಿದ ಎರಡು ಗುಂಪುಗಳವರಲ್ಲಿಯೂ ಬುದ್ಧಿಯ ಕೆಲವು ವ್ಯಾಪಾರಗಳು ಚುರುಕಾದುವು. ಮನಸ್ಸಿನ ಸ್ವಾಸ್ಥ್ಯದಲ್ಲಿ ವಿದ್ಯುತ್ ಸೈಕಲ್ಲಿನವರೇ ಮುಂದಾಗಿ ಕಂಡರು. ಬಯಲು ಗಾಳಿ, ಹೊಸ ದಾರಿ, ತಿರುವಿನಲ್ಲಿ ಎಚ್ಚರಿಕೆ, ತಾನು ಹೋಗಿ ಬರಬಲ್ಲೆನೆಂಬ ಧೈರ್ಯ ಇವೂ ಔಷಧಗಳೇ ಅಲ್ಲವೆ?

ಪ್ರತಿಪಕ್ಷದ ಮಾತನ್ನೂ ಹೇಳಬೇಕು. ಜರ್ಮನಿಯ ಹ್ಯಾನೋವರ್ ವೈದ್ಯ ವಿದ್ಯಾಲಯದವರು ೨೦೨೨ರಲ್ಲಿ ಸುಮಾರು ೧,೯೦೦ ಮಂದಿಯ ದಿನನಿತ್ಯದ ಸವಾರಿಯನ್ನು ಪರಿಶೀಲಿಸಿದಾಗ, ವಾರಕ್ಕೆ ೧೫೦ ನಿಮಿಷಗಳ ಗುರಿಯನ್ನು ಮುಟ್ಟಿದವರು ವಿದ್ಯುತ್ ಸೈಕಲ್ಲಿನವರಲ್ಲಿ ಕಡಿಮೆ, ಸಾಮಾನ್ಯ ಸೈಕಲ್ಲಿನವರಲ್ಲಿ ಹೆಚ್ಚು ಎಂದು ಕಂಡುಬಂದಿತು. ಇದರಿಂದ ತಿಳಿಯತಕ್ಕದ್ದೇನು? ಸಾಮಾನ್ಯ ಸೈಕಲ್ಲನ್ನೇ ಸುಖವಾಗಿ ತುಳಿಯಬಲ್ಲವನು ಮೋಟಾರಿಗೆ ಹೋಗಬೇಕಾದ ಕಾರಣವಿಲ್ಲ. ಏನನ್ನೂ ತುಳಿಯಲಾರದೆ ಜಗಲಿಯಲ್ಲಿ ಕುಳಿತವನಿಗೆ ಇದು ಲಾಭ. ಹೋಲಿಸಬೇಕಾದುದು ಸೈಕಲ್ಲಿನೊಡನಲ್ಲ, ಕುರ್ಚಿಯೊಡನೆ.

ನಮ್ಮ ನೆರೆಯ ತೋಟದ ಯಜಮಾನರ ವಿಷಯವನ್ನು ಇಲ್ಲಿ ಹೇಳಿದರೆ ಅಪ್ರಕೃತವಾಗಲಾರದು. ಅವರಿಗೆ ಅರವತ್ತಾರು. ಮನೆಯಿಂದ ಮೇಲಣ ತೋಟಕ್ಕೆ ಎರಡೂವರೆ ಕಿಲೋಮೀಟರಿನ ಮಣ್ಣುದಾರಿ. ಎತ್ತರದಲ್ಲಿ ಸುಮಾರು ನೂರೈವತ್ತು ಮೀಟರಿನ ಅಂತರ. ಮಂಡಿನೋವು ಬಂದ ಮೇಲೆ ಅವರು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಅರಾಬಿಕಾ ಗಿಡಕ್ಕೆ ಕಾಂಡಕೊರಕವು ಬಿದ್ದರೆ ಸಾಲುಸಾಲಾಗಿ ಗಿಡಗಳನ್ನು ನೋಡುತ್ತ ಹೋಗಬೇಕಲ್ಲದೆ, ಜೀಪಿನಲ್ಲಿ ಕುಳಿತು ನೋಡಿದರೆ ತಿಳಿಯುವುದಿಲ್ಲ. ಯಜಮಾನನ ಕಣ್ಣು ತಪ್ಪಿದ ತೋಟವು ಎರಡು ವರ್ಷಗಳಲ್ಲಿ ಬಡವಾಯಿತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮೇಲಣ ತೋಟವನ್ನು ಮಾರಿಬಿಡುವ ಮಾತು ಮನೆಯಲ್ಲಿ ನಡೆದಿತ್ತು. ಅಷ್ಟರಲ್ಲಿ ಮಗಳು ಒಂದು ವಿದ್ಯುತ್ ಸೈಕಲ್ಲನ್ನು ತಂದುಕೊಟ್ಟಳು. “ಈ ವಯಸ್ಸಿನಲ್ಲಿ ಇದೇನು ಹುಡುಗಾಟ?” ಎಂದು ಮನೆಯಾಕೆ ಗದರಿದರು.

ಮೊದಲ ತಿಂಗಳು ಅವರು ಮೂರನೆಯ ಮೆಟ್ಟಿಲಿನ ನೆರವಿಲ್ಲದೆ ಏರನ್ನು ಮುಗಿಸಲಾರದೆ ಹೋದರು. ದಾರಿಯಲ್ಲಿ ಎರಡು ಕಡೆ ಇಳಿದು ವಿಶ್ರಮಿಸುತ್ತಿದ್ದರು. ನಾಲ್ಕನೆಯ ತಿಂಗಳಿನಲ್ಲಿ ಎರಡನೆಯ ಮೆಟ್ಟಿಲು ಸಾಕಾಯಿತು. ಈಗ ಕಡಿದಾದ ಒಂದು ತಿರುವನ್ನು ಬಿಟ್ಟರೆ ಉಳಿದುದೆಲ್ಲ ಒಂದನೆಯ ಮೆಟ್ಟಿಲಿನಲ್ಲಿಯೇ ಸಾಗುವುದು. ವೈದ್ಯರ ಯಂತ್ರವಿಲ್ಲದೆಯೇ ತನ್ನ ದೇಹವು ಬಲಗೊಂಡುದನ್ನು ತಿಳಿಯುವ ಉಪಾಯ ಇದಕ್ಕಿಂತ ಸುಲಭವಾದುದಿಲ್ಲ: ದಾರಿ ಅದೇ, ಸವಾರನೂ ಅವನೇ, ಬೇಕಾಗುವ ನೆರವು ಮಾತ್ರ ಕಡಿಮೆ. ಒಂದು ದಿನ ನಾನು ಕೇಳಿದಾಗ ಅವರು ಹೇಳಿದರು: “ಮೇಷ್ಟ್ರೇ, ನನ್ನ ಕೈಲಾಗೋಷ್ಟು ನಾನು ತುಳೀತೀನಿ, ಮಿಕ್ಕಿದ್ದು ಅದರ ಪಾಲು. ತಿಂಗಳು ತಿಂಗಳು ಅದರ ಪಾಲು ಕಮ್ಮಿ ಆಗ್ತಾ ಬಂದಿದೆ.” ತೋಟವನ್ನು ಮಾರುವ ಮಾತು ಸದ್ಯಕ್ಕೆ ನಿಂತಿದೆ. ಅವರು ಬಿದ್ದುದೂ ಉಂಟು. ಮೊದಲ ಮಳೆಯ ಮರುದಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಚಕ್ರ ಜಾರಿ, ಮಣಿಕಟ್ಟು ಉಳುಕಿ ಮೂರು ವಾರ ಕೈಯನ್ನು ಕಟ್ಟಿಕೊಂಡಿದ್ದರು. ಆದಕಾರಣ ಗುಣವನ್ನು ಹೇಳಿದಂತೆ ಅಪಾಯವನ್ನೂ ಹೇಳುವುದು ನನ್ನ ಕರ್ತವ್ಯ.

ಏರು ಮದ್ದು, ಇಳಿಜಾರು ಅಪಾಯ. ಇದನ್ನು ಮನಸ್ಸಿನಲ್ಲಿಡತಕ್ಕದ್ದು. ಈ ಸೈಕಲ್ಲುಗಳು ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ತೂಗುವುವು. ಇಳಿಯುವಾಗ ಬೇಗನೆ ಓಡುವುವು, ನಿಧಾನವಾಗಿ ನಿಲ್ಲುವುವು. ಆದುದರಿಂದ ಡಿಸ್ಕ್ ಬ್ರೇಕು ಇರುವುದನ್ನೇ ಕೊಳ್ಳಬೇಕು; ತಿರುವು ಬರುವ ಮೊದಲೇ ಎರಡು ಬ್ರೇಕುಗಳನ್ನೂ ಒಟ್ಟಿಗೆ ಮೆಲ್ಲನೆ ಒತ್ತಬೇಕು; ಬಹಳ ಕಡಿದಾದಲ್ಲಿ ನಾಚಿಕೆಪಡದೆ ಇಳಿದು ನಡೆಸಿಕೊಂಡು ಹೋಗಬೇಕು. ಶಿರಸ್ತ್ರಾಣವಿಲ್ಲದೆ ಅಂಗಳವನ್ನೂ ದಾಟಬಾರದು. ರಕ್ತವನ್ನು ತಿಳಿಗೊಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗಂತೂ ತಲೆಯ ಪೆಟ್ಟು ಬಹಳ ಘೋರವಾದುದು. ಕೊಟ್ಟಿಗೆಹಾರ–ಕಳಸದ ಹೆದ್ದಾರಿಯಲ್ಲಿ ಪ್ರವಾಸಿಗಳ ವಾಹನಗಳು ತಿರುವುಗಳಲ್ಲಿ ನುಗ್ಗಿ ಬರುವುವು. ತೋಟದೊಳಗಿನ ದಾರಿಗಳೇ ಹಿರಿಯರಿಗೆ ಮೇಲು. ಅಲ್ಲಿಯೂ ಮುಂಜಾವದ ಕತ್ತಲೆಯಲ್ಲಿಯೂ ಮುಸ್ಸಂಜೆಯಲ್ಲಿಯೂ ಹೋಗಬಾರದು. ಮೂಡಿಗೆರೆ ಸೀಮೆಯಲ್ಲಿ ಆನೆಗಳ ಓಡಾಟವಿರುವುದು ಎಲ್ಲರಿಗೂ ತಿಳಿದದ್ದೇ. ಸದ್ದಿಲ್ಲದೆ ಬರುವ ಈ ವಾಹನವು ತಿರುವಿನಲ್ಲಿ ಆನೆಯನ್ನೋ ಕಾಟಿಯನ್ನೋ ಬೆಚ್ಚಿಬೀಳಿಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಗಂಟೆಯನ್ನು ಬಾರಿಸುತ್ತ ಹೋಗುವುದು ಜಾಣತನ.

ದೇಹಸ್ಥಿತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎದೆನೋವು, ತಲೆಸುತ್ತು, ಮೂರ್ಛೆ, ಹತೋಟಿಗೆ ಬಾರದ ರಕ್ತದೊತ್ತಡ, ಕಣ್ಣಿನ ಪೊರೆ ಇವುಗಳಲ್ಲಿ ಯಾವುದೊಂದಿದ್ದರೂ ಮೊದಲು ವೈದ್ಯರನ್ನು ಕಾಣತಕ್ಕದ್ದು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ಏರಗೊಡುವುದಿಲ್ಲ; ಅಂತಹವರು ನಾಡಿಯನ್ನು ನಂಬದೆ ಉಸಿರನ್ನು ನಂಬಲಿ. ಮಧುಮೇಹಕ್ಕೆ ಇನ್ಸುಲಿನ್ನನ್ನೋ ಮಾತ್ರೆಯನ್ನೋ ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದು ತುಂಡು ಬೆಲ್ಲವನ್ನಿಟ್ಟುಕೊಂಡೇ ಹೊರಡಲಿ. ಬೆವರಿ, ಕೈನಡುಗಿ, ಕಣ್ಣು ಮಂಜಾದರೆ ಕೂಡಲೆ ಇಳಿದು ತಿನ್ನಲಿ.

ಆರಂಭಿಸುವ ಕ್ರಮವನ್ನೂ ಹೇಳುವೆನು. ನಮ್ಮ ಊರುಗಳಲ್ಲಿ ಸಮನಾದ ನೆಲವೆಂದರೆ ಕಾಫಿ ಒಣಗಿಸುವ ಕಣವೊಂದೇ. ಕುಯ್ಲು ಮುಗಿದು ಕಣವು ಬರಿದಾದ ಮೇಲೆ, ಎರಡು ವಾರ ಅಲ್ಲಿಯೇ ಹತ್ತುವುದು, ಇಳಿಯುವುದು, ಬ್ರೇಕು ಹಿಡಿಯುವುದು, ತಿರುಗುವುದು ಇವನ್ನು ಕಲಿಯಲಿ. ಅನಂತರ ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ಸೌಮ್ಯವಾದ ಏರಿನಲ್ಲಿ. ಬಾಯಿಯಿಂದ ಉಸಿರಾಡುವಂತಾದರೆ ನೆರವನ್ನು ಒಂದು ಮೆಟ್ಟಿಲು ಏರಿಸುವುದು. ಹಾಡು ಬರುವಷ್ಟು ಸುಲಭವಾದರೆ ಒಂದು ಮೆಟ್ಟಿಲು ಇಳಿಸುವುದು. ಮೂರನೆಯ ತಿಂಗಳಿನೊಳಗೆ ವಾರಕ್ಕೆ ನಾಲ್ಕು ದಿನ, ನಲವತ್ತು ನಿಮಿಷಗಳಿಗೆ ಬಂದರೆ ೧೫೦ ನಿಮಿಷಗಳ ಲೆಕ್ಕವು ತುಂಬಿ ಉಳಿಯುವುದು. ಕೆಲವು ಸೈಕಲ್ಲುಗಳಲ್ಲಿ ತುಳಿಯದೆಯೇ ಓಡಿಸುವ ಹೆಬ್ಬೆರಳಿನ ಒತ್ತುಗುಂಡಿಯೂ ಇರುವುದು; ಅದನ್ನು ಮುಟ್ಟಿದ ದಿನ ವ್ಯಾಯಾಮಕ್ಕೆ ರಜೆಯೆಂದೇ ತಿಳಿಯಬೇಕು.

ಈ ಸವಾರಿಯಿಂದ ತೊಡೆ, ಮೀನಖಂಡಗಳಿಗೆ ಬಲ ಬರುವುದು; ದೇಹದ ಭಾರವು ಆಸನದ ಮೇಲಿರುವುದರಿಂದ ಮಂಡಿಗಳಿಗೆ ಪೆಟ್ಟಿಲ್ಲ; ಹೃದಯವೂ ಶ್ವಾಸಕೋಶವೂ ಪಳಗುವುವು; ಸಮತೋಲವು ಮರಳಿ ಬರುವುದು. ಆದರೆ ಎಲುಬು ಗಟ್ಟಿಯಾಗಬೇಕಾದರೆ ನೆಲದ ಮೇಲೆ ನಡೆಯಲೇಬೇಕು. ತೋಳುಗಳಿಗೆ ಭಾರವನ್ನೆತ್ತುವ ಕೆಲಸವನ್ನು ಬೇರೆಯಾಗಿ ಕೊಡಲೇಬೇಕು. ಸೈಕಲ್ಲಿನಲ್ಲಿ ತೋಟವನ್ನು ಸೇರಿ ಸಾಲುಗಳ ನಡುವೆ ನಡೆದು ಬಂದರೆ ಎರಡೂ ಆದಂತಾಯಿತು.

ಗೃಹಿಣಿಯರಿಗೂ ಈ ಮಾತು ಅನ್ವಯಿಸುವುದು. ಅವರಿಗೇ ಹೆಚ್ಚಾಗಿ ಅನ್ವಯಿಸುವುದೆಂದರೂ ತಪ್ಪಲ್ಲ. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬೂ ಸ್ನಾಯುವೂ ಬೇಗನೆ ಕ್ಷೀಣಿಸುವುವು. ಅಡುಗೆಮನೆಯ ದುಡಿತವು ದಣಿವನ್ನು ಕೊಡುವುದೇ ಹೊರತು ಉಸಿರಿನ ಶಕ್ತಿಯನ್ನು ಬೆಳೆಸುವುದಿಲ್ಲ. ಅಡ್ಡದಂಡವು ತಗ್ಗಾಗಿರುವ ಸೈಕಲ್ಲುಗಳು ದೊರೆಯುವುವು. ಹತ್ತಿಳಿಯುವುದು ಪುರುಷರಿಗೂ ಅದರಲ್ಲಿಯೇ ಸುಲಭ. ಯಜಮಾನರು ತಾವು ಕೊಂಡ ಸೈಕಲ್ಲನ್ನು ವಾರದಲ್ಲಿ ಮೂರು ದಿನವಾದರೂ ಮನೆಯಾಕೆಗೆ ಬಿಟ್ಟುಕೊಟ್ಟರೆ ಬ್ಯಾಟರಿಯೇನೂ ಸವೆದುಹೋಗದು.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಸವಾರಿಯ ಮಾತೇ ಇಲ್ಲ. ಮಳೆ, ಪಾಚಿ, ಕುಸಿಯುವ ಧರೆ ಇವುಗಳ ನಡುವೆ ಸೈಕಲ್ಲನ್ನು ಹೊರಕ್ಕೆ ತೆಗೆಯುವುದು ಸಾಹಸವಲ್ಲ, ಅವಿವೇಕ. ೨೦೧೯ರ ಆಗಸ್ಟಿನಲ್ಲಿ ಈ ಸೀಮೆಯ ಗುಡ್ಡಗಳು ಹೇಗೆ ಕುಸಿದುವೆಂಬುದನ್ನು ನಾವು ಮರೆತಿಲ್ಲ. ಆ ನಾಲ್ಕು ತಿಂಗಳು ಕುರ್ಚಿಯಿಂದ ಕೈಯೂರದೆ ಏಳುವುದು ಕ್ರಮವಾಗಿ ಹತ್ತು ಸಲ, ಮನೆಯ ಮೆಟ್ಟಿಲುಗಳನ್ನು ಹತ್ತಿಳಿಯುವುದು ಕೆಲವು ಸಲ, ಗೋಡೆಯ ಬಳಿ ಒಂಟಿಕಾಲಿನಲ್ಲಿ ನಿಲ್ಲುವುದು ಇವುಗಳಿಂದ ಗಳಿಸಿದುದನ್ನು ಕಾಪಾಡಿಕೊಳ್ಳಬಹುದು. ಬ್ಯಾಟರಿಯನ್ನು ಕಳಚಿ ಮನೆಯೊಳಗೆ ತೇವವಿಲ್ಲದ ಕಡೆ ಇಡಬೇಕು. ಗುಡುಗುಸಿಡಿಲಿನ ಹೊತ್ತಿನಲ್ಲಿಯೂ ಎಲ್ಲರೂ ಮಲಗಿರುವಾಗಲೂ ಚಾರ್ಜಿಗೆ ಹಾಕಬಾರದು. ಬಹುಕಾಲ ಬಳಸದೆ ಇಡುವಾಗ ಅದನ್ನು ಪೂರ್ಣ ತುಂಬಿಸಿಯೂ ಇಡಬಾರದು, ಪೂರ್ಣ ಬರಿದುಮಾಡಿಯೂ ಇಡಬಾರದು. ಅರ್ಧದಷ್ಟು ತುಂಬಿಸಿಟ್ಟರೆ ಬಾಳಿಕೆ ಹೆಚ್ಚು. ಅರ್ಧಶಕ್ತಿಯ ನೀತಿಯು ಬ್ಯಾಟರಿಗೂ ಹಿತವೇ ಎಂಬುದು ಗಮನಿಸತಕ್ಕ ವಿಷಯ.

ದೂರದ ಊರುಗಳಲ್ಲಿರುವ ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳು ಬಿದ್ದಾರೆಂಬ ಭಯದಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಬೇಡಿರಿ. ಬೀಳುವ ಅಪಾಯವು ಕಣ್ಣಿಗೆ ಕಾಣುವುದು. ಕುಳಿತು ಕುಳಿತು ಕಾಲು ಸೋಲುವ ಅಪಾಯವು ಕಾಣುವುದಿಲ್ಲ. ಕೆಲಸವಿಲ್ಲದ ಕಾಲುಗಳೇ ಕಡೆಗೆ ಸ್ನಾನದ ಮನೆಯಲ್ಲಿ ಜಾರುವುವು. ಹಿರಿಯರಿಗೂ ಒಂದು ಮಾತು. ಯೌವನದಲ್ಲಿ ನಾವು ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದು ಗುಡ್ಡವನ್ನು ಗೆದ್ದೆವು. ಆ ಹೆಮ್ಮೆಯಿಂದಲೇ ಈಗ ನೆರವನ್ನು ಬೇಡವೆನ್ನುವೆವು. ಕನ್ನಡಕವನ್ನು ಹಾಕಿಕೊಂಡು ಓದಿದವನು ಓದಲಿಲ್ಲವೆಂದು ಯಾರೂ ಹೇಳುವುದಿಲ್ಲ. ಇರುವ ಶಕ್ತಿಯಲ್ಲಿ ಅರ್ಧವನ್ನು ಏರಿಗೆ ಕೊಟ್ಟು, ಅರ್ಧವನ್ನು ಮನೆಗೆ ಹಿಂದಿರುಗಿ ತರುವವನು ನಾಳೆಯೂ ಹೊರಡಬಲ್ಲನು. ವ್ಯಾಯಾಮದ ಫಲವಿರುವುದು ಒಂದು ದಿನದ ಪೌರುಷದಲ್ಲಲ್ಲ, ನಾಳೆಯೂ ಹೊರಡುವುದರಲ್ಲಿ.